ಮುಳುಗಿಯೂ ಕಂಡ ಸೂರ್ಯ

ಗಾಳಿಗೆ ಬಾಯಿದ್ದ ಕಾಲದಲ್ಲಿ, ಪಡುವಣ ಕಡಲ ದಂಡೆಯಲ್ಲಿ ಅಂಚಿನಪುರ ಅಂತೊಂದು ರಾಜ್ಯ. ಅಲ್ಲಿನ ಅರಮನೆಯಲ್ಲಿ ಹೊತ್ತು ಅಳೆಯುವವನು ಮಾರಯ್ಯ. ತಳದಲ್ಲಿ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ತೊಟ್ಟಿಯಲ್ಲಿ ತೇಲಿಬಿಡುವುದು, ಅದು ತುಂಬಿ ಮುಳುಗಿದರೆ ಒಂದು ಘಳಿಗೆ. ಅಷ್ಟೇ ಅವನ ಕೆಲಸ.

ಆ ರಾಜ್ಯವನ್ನು ಧೂಮಕಂಠನೆಂಬ ಮಾಂತ್ರಿಕ ಕೈವಶ ಮಾಡಿಕೊಂಡಿದ್ದ. ಸೂರ್ಯ ಮೇಲಿರುವಷ್ಟು ಹೊತ್ತು ಅವನನ್ನಾಗಲಿ ಅವನ ಮಂತ್ರದ ಕೋಲನ್ನಾಗಲಿ ಯಾರೂ ಏನೂ ಮಾಡುವಂತಿರಲಿಲ್ಲ. ಸೂರ್ಯ ಮರೆಯಾದ ಕ್ಷಣವೇ ಅವನು ಕಡಲ ದಂಡೆಯ ತನ್ನ ಗುಹೆ ಹೊಕ್ಕು ಬಂಡೆ ಮುಚ್ಚಿಕೊಳ್ಳುತ್ತಿದ್ದ. ಭಾರೀ ಜಾಣ!

ಹಗಲು ಇರುಳು ಸಮ ಆಗುವ ದಿನ ಬಂತು. ಮಾರಯ್ಯ ಅಳೆದು, ಹಗಲೇ ಕಾಲು ಘಳಿಗೆ ಹೆಚ್ಚಿದೆ ಅಂದ. ಸಭೆ ನಕ್ಕಿತು. ಸೂರ್ಯನ ಸುದ್ದಿ ಎತ್ತಿದರೆ ಉರಿದುಬೀಳುವ ಧೂಮಕಂಠ ಅವನನ್ನು ಕಲ್ಲು ಮಾಡಿಬಿಟ್ಟ. ಮೂರನೆಯ ಸಂಜೆಯೊಳಗೆ ಕೋಲು ಮುರಿಯದಿದ್ದರೆ ಆ ಕಲ್ಲು ಕಲ್ಲೇ.

ಮಾರಯ್ಯನ ಮಗಳು ಬೊಮ್ಮಕ್ಕ ಅತ್ತಳು, ಆಮೇಲೆ ಯೋಚಿಸಿದಳು. ಅಪ್ಪನ ಬಟ್ಟಲು ತಪ್ಪುವುದಿಲ್ಲ. ಹಾಗಾದರೆ ಆ ಕಾಲು ಘಳಿಗೆ ಎಲ್ಲಿಂದ ಬಂತು?

ಮೊದಲ ಸಂಜೆ ದಂಡೆಯಲ್ಲಿ ನಿಂತು ನೋಡಿದಳು. ಸೂರ್ಯ ಕೆಂಪಗೆ, ಅದುಮಿದ ಕಡುಬಿನಂತೆ ಚಪ್ಪಟೆಯಾಗಿದ್ದ. ಯಾಕೆ ಹೀಗೆ ಅಂತ ಗಾಳಿಯನ್ನು ಕೇಳಿದಳು. ನೆತ್ತಿಯ ಮೇಲೆ ನಾನು ತೆಳ್ಳಗಿದ್ದೇನೆ, ಅಂಚಿನಲ್ಲಿ ದಪ್ಪ, ದೂಳೂ ಜಾಸ್ತಿ, ಎಲ್ಲ ನನ್ನ ಕೈವಾಡ ಎಂದಿತು ಗಾಳಿ.

ಎರಡನೆಯ ಸಂಜೆ ಕಡಲಿನ ಅಂಚಿಗೆ ತಾಗಿದಂತಿದ್ದ ಒಂದು ಚುಕ್ಕಿ ಕೆಂಪು, ಹಸಿರು, ನೀಲಿಯಾಗಿ ನಡುಗುತ್ತಿತ್ತು. ಯಾರಿಗೆ ಹೆದರಿದೆ ಅದು ಅಂದಳು. ನಡುಗುತ್ತಿರುವುದು ಚುಕ್ಕಿಯಲ್ಲ, ನಾನು ಎಂದಿತು ಗಾಳಿ.

ಮೂರನೆಯ ದಿನ ತೊಟ್ಟಿಯಲ್ಲಿ ಮುಳುಗಿದ್ದ ಬಟ್ಟಲನ್ನು ಎತ್ತಲು ಕೈ ಹಾಕಿದಳು. ಕಂಡಲ್ಲಿ ಬಟ್ಟಲಿಲ್ಲ! ಅದು ಇನ್ನೂ ಆಳದಲ್ಲಿತ್ತು. ನೀರು ಅದನ್ನು ಎತ್ತಿ ತೋರಿಸಿತ್ತು. ಬೊಮ್ಮಕ್ಕ ದಂಡೆಗೆ ಓಡಿದಳು.

"ಗಾಳಿಯವ್ವಾ, ನೀನೂ ಸೂರ್ಯನನ್ನು ಹೀಗೇ ಎತ್ತಿ ತೋರಿಸುತ್ತೀಯಾ?"

ಗಾಳಿ ನಾಚಿಕೊಂಡಿತು. "ಹೌದು ಕಣವ್ವ. ಅವನು ಆಗ ತಾನೇ ಕಡಲ ಅಂಚು ಮುಟ್ಟಿದಂತೆ ನಿನಗೆ ಕಂಡಾಗ, ನಿಜಕ್ಕೂ ಪೂರ್ತಿ ಇಳಿದುಹೋಗಿರುತ್ತಾನೆ. ನನಗೇ ಬಿಟ್ಟುಕೊಡೋಕೆ ಮನಸ್ಸು ಬರೋಲ್ಲ."

ಆ ಸಂಜೆ ಧೂಮಕಂಠ ಗುಹೆಯ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದ. ಸೂರ್ಯ ಅಂಚು ಮುಟ್ಟಿದ. ಬೊಮ್ಮಕ್ಕ ಸೀದಾ ಹೋಗಿ ಕೋಲಿಗೆ ಕೈ ಹಾಕಿದಳು. ಅವನು ತಡೆಯಲೂ ಇಲ್ಲ, ಹೊಟ್ಟೆ ಹಿಡಿದು ನಕ್ಕ.

"ಹುಚ್ಚು ಹುಡುಗಿ, ಸೂರ್ಯ ಇನ್ನೂ ಅಲ್ಲೇ ಇದ್ದಾನೆ, ಕಾಣೋಲ್ವಾ?"

"ಕಾಣ್ತಾನೆ. ಆದರೆ ಇಲ್ಲ," ಎಂದು ಬೊಮ್ಮಕ್ಕ ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿದಳು.

ಧೂಮಕಂಠ ಹೊಗೆಯಾದ. ಗಾಳಿ ಅವನನ್ನು ಕಡಲಾಚೆ ಗುಡಿಸಿಹಾಕಿತು. ಅರಮನೆಯಲ್ಲಿ ಮಾರಯ್ಯನ ಕಲ್ಲಿನ ತುಟಿ ಅಲುಗಿತು, ಮೈ ಬೆಚ್ಚಗಾಯಿತು. ಓಡಿಬಂದ ಮಗಳನ್ನು ಅವನು ಮೊದಲು ಕೇಳಿದ್ದು ಬಟ್ಟಲು ಸರಿಯಾಗಿತ್ತಾ ಅಂತ. ಸರಿಯಾಗೇ ಇತ್ತು ಅಪ್ಪಾ ಅಂದು ಅವಳು ಗೊಳೋ ಅಂತ ಅತ್ತಳು.

ಅಂದಿನಿಂದ ಅಂಚಿನಪುರದವರು ಸುಖವಾಗಿದ್ದರು. ಆ ಕಾಲು ಘಳಿಗೆಗೆ ಗಾಳಿಯ ಪಾಲು ಅಂತ ಹೆಸರಾಯಿತು. ಪ್ರತಿ ವರ್ಷ ಅದೇ ದಿನ ಊರಿಗೆ ಊರೇ ಕೆಲಸ ಬಿಟ್ಟು ದಂಡೆಗೆ ಬಂದು ಕೂತು, ಅಲ್ಲಿಲ್ಲದ ಸೂರ್ಯನನ್ನು ಕಣ್ತುಂಬ ನೋಡುತ್ತಿತ್ತು.