ಗಂಟೆ ಹೊಡೆಯುವ ಸರದಿ

ದೊಡ್ಡ ಟೀಚರ್ ದೂರದ ದೇಶದಲ್ಲಿ ತೀರಿಕೊಂಡ ಸುದ್ದಿ ಬೆಳಗಿನ ಮೊದಲ ಫೋನಿನಲ್ಲೇ ಬಂತು. ಫೋನ್ ಎತ್ತಿದ ಯುವ ಶಿಕ್ಷಕಿಯ ಕಣ್ಣು ತುಂಬಿತು.

ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಮಕ್ಕಳಿಗಾಗಿ ಎಷ್ಟೋ ದೇಶಗಳಲ್ಲಿ ಶಾಲೆ ತೆರೆದ ಮಹಾತಾಯಿ. ಮಂತ್ರಿಗಳೇ ಎದ್ದು ನಿಂತು ಗೌರವಿಸಿದರೂ, ಮಕ್ಕಳು ಕರೆದ 'ದೊಡ್ಡ ಟೀಚರ್' ಎಂಬ ಹೆಸರನ್ನೇ ಉಳಿಸಿಕೊಂಡವರು. ನಿರಾಶ್ರಿತರ ಶಿಬಿರದ ಶಾಲೆಗೆ ಅವಳನ್ನು ಶಿಕ್ಷಕಿಯಾಗಿ ಆರಿಸಿದವರೂ ಅವರೇ.

ಕಣ್ಣೊರೆಸಿಕೊಂಡು, ಶಾಲೆ ನಡೆಸುವ ಸಂಸ್ಥೆಯ ಕಚೇರಿಗೆ ಓಡಿದಳು. ಮೆಟ್ಟಿಲ ತಿರುವಿನಲ್ಲಿ ಅವಳ ಕಾಲು ನಿಂತೇಹೋಯಿತು.

ಅವನು! ದೊಡ್ಡ ಟೀಚರ್ ಅವರ ಒಬ್ಬನೇ ಮಗ, ಶಾಲೆಗಳನ್ನು ಕಟ್ಟುವ ಇಂಜಿನಿಯರ್. ಒಂದು ಕಾಲಕ್ಕೆ ಅವಳ ಕೈಹಿಡಿಯಬೇಕಿದ್ದವನು... ಶಿಬಿರ ಅಪಾಯದ ಜಾಗವೆಂದು, ಅವಳನ್ನೇ ಕೇಳದೆ ಅವಳ ವರ್ಗಾವಣೆಗೆ ಹೇಳಿದ್ದ. ಅವಳು ಉಂಗುರ ಹಿಂದಿರುಗಿಸಿದ್ದಳು.

"ಅಮ್ಮ... ನಾಳೆ ಬರ್ತಾರೆ. ಪೆಟ್ಟಿಗೇಲಿ," ಎಂದ. ಅವಳನ್ನು ದಾಟಿ ಮೆಟ್ಟಿಲಿಳಿದು ಹೋದ.

ಅಷ್ಟರಲ್ಲಿ ನಿರ್ದೇಶಕರು ಅವಳನ್ನು ಒಳಗೆ ಕರೆದರು.

"ಇವತ್ತು ಶಾಲೆಗೆ ರಜೆ. ಸಂಜೆ ಮಕ್ಕಳನ್ನ ಸಾಲಾಗಿ ನಿಲ್ಸಿ, ಫೋಟೊ ಮುಂದೆ ಹೂ ಹಾಕ್ಸಿ. ಟಿವಿಯವರು ಬರ್ತಾರೆ."

"ಸಾರ್, ಅವರು ಸಾವಿಗೆ ಯಾವತ್ತೂ ಶಾಲೆ ಮುಚ್ಚಿದವರಲ್ಲ. ದುಃಖದ ಮನೆ ಮಗು ಕೈಯಲ್ಲೇ ಗಂಟೆ ಹೊಡೆಸಿ ಪಾಠ ಶುರು ಮಾಡ್ತಿದ್ರು."

"ಇದು ಮನೆಯವರ ಇಚ್ಛೆ ಕಣಮ್ಮ. ಮೀರಿದ್ರೆ ನಾಳೆಯಿಂದ ಕೆಲಸಕ್ಕೆ ಬರೋದು ಬೇಡ."

ಮನೆಯವರ ಇಚ್ಛೆ! ಅಂದರೆ ಅವನದೇ... ಅಂದು ನನ್ನ ಕೆಲಸಕ್ಕೆ ಬೇಲಿ, ಇಂದು ಹೆತ್ತ ತಾಯಿಯ ಕೆಲಸಕ್ಕೂ ಬೀಗವೇ?

"ಬರಲ್ಲ ಬಿಡಿ ಸಾರ್. ಆದ್ರೆ ಇವತ್ತು ಪಾಠ ನಡೆಯುತ್ತೆ!"

ಕಡ್ಡಿ ಮುರಿದಂತೆ ಹೇಳಿ ಹೊರಟುಬಂದಳು.

ಶಿಬಿರದ ಶಾಲೆಯ ಬಾಗಿಲು ಆಗಲೇ ತೆರೆದಿತ್ತು. ಬೆಂಚುಗಳ ಧೂಳು ಒರೆಸಿತ್ತು. ಗಂಟೆಯ ಹಗ್ಗ ಹಿಡಿದು ಅವನು ನಿಂತಿದ್ದ!

"ರಜೆ ಕೊಡಿಸಿದ ಮೇಲೆ ಇಲ್ಲೇನು ಕೆಲಸ ನಿಮಗೆ?"

"ರಜೆನಾ? ಯಾರಂದ್ರು?"

"ಮನೆಯವರ ಇಚ್ಛೆಯಂತಲ್ಲ!"

"ಮನೆಯವರು ಅಂದ್ರೆ ನಾನೊಬ್ನೇ. ನನ್ನ ಯಾರೂ ಕೇಳೇ ಇಲ್ಲ." ಗಂಟೆಯತ್ತ ಕಣ್ಣೆತ್ತಿದ. "ಇವತ್ತು ದುಃಖದ ಮನೆ ನಂದು. ಗಂಟೆ ಹೊಡೆಯೋ ಸರದಿನೂ ನಂದೇ ಅಲ್ವಾ, ಟೀಚರ್?"

ಅವಳ ಕೋಪ ಕಣ್ಣೀರಾಗಿ ಇಳಿಯಿತು.

"ನನ್ನ ಕೆಲಸ ಹೋಯ್ತು..."

"ನಂದೂ ಹೋಗ್ಲಿ. ಅವತ್ತು ಹೆದರಿ ನಿಮ್ಮನ್ನ ಇಲ್ಲಿಂದ ಎಳ್ಕೊಂಡು ಹೋಗೋಕೆ ನೋಡ್ದೆ. 'ಪ್ರೀತಿ ಇದ್ರೆ ಅವಳ ಪಕ್ಕ ನಿಲ್ಲೋ, ಅಡ್ಡ ನಿಲ್ಬೇಡ' ಅಂತ ಅಮ್ಮ ಬೈದಿದ್ರು. ಈಗಲೂ ಪ್ರೀತಿ ಇದೆ. ಪಕ್ಕ ನಿಲ್ಲೋಕೆ ಬಂದಿದ್ದೀನಿ."

"ಇಷ್ಟು ಹೇಳೋಕೆ ಇಷ್ಟು ಕಾಲ! ಈ ವೇಗದಲ್ಲಿ ಯಾವ ಶಾಲೆ ಕಟ್ತೀರೋ, ಇಂಜಿನಿಯರ್ ಸಾಹೇಬ್ರೇ!"

ಅಳುವಿನ ನಡುವೆಯೇ ಇಬ್ಬರಿಗೂ ನಗು ಬಂತು.

ಮಕ್ಕಳು ಒಬ್ಬೊಬ್ಬರಾಗಿ ಬಂದು ನಿಂತರು. ಹಗ್ಗ ಹಿಡಿದ ಅವನ ಕೈಯ ಮೇಲೆ ಅವಳು ತನ್ನ ಕೈಯಿಟ್ಟಳು.

"ಬಿಡಲ್ಲ ತಾನೇ?" ಎಂದ.

"ಪಾಠ ಮುಗಿಯೋವರೆಗೂ ಇಲ್ಲ."

"ಮುಗಿದ ಮೇಲೆ?"

"ನಿಮ್ಮಮ್ಮನ ಶಾಲೇಲಿ ಪಾಠ ಮುಗಿಯೋದುಂಟಾ?"

ಗಂಟೆ ಮೊಳಗಿತು. ನಿರ್ದೇಶಕರ ಕಾರು ಗೇಟಿನ ಬಳಿ ಬಂದು ನಿಂತಿತು. ಯಾರೂ ತಿರುಗಿ ನೋಡಲಿಲ್ಲ.

ಭಗವಂತಾ, ಊರೂರು ಅಲೆದು ದಣಿದ ಆ ತಾಯಿಗೆ ನಿನ್ನ ಪಾದದ ಬಳಿ ಜಾಗ ಕೊಡು. ಮಕ್ಕಳ ಓದಿನ ದನಿ ಅಲ್ಲಿಗೂ ಕೇಳಿಸಲಿ. ಅವರ ಆತ್ಮ ಶಾಂತಿಯಿಂದಿರಲಿ.