ದಾರ ಅಂಟಿಸಿದ ನೋಟ್‌ಬುಕ್

ಚೂಟಿ ಒಂದೊಂದೇ ಅಂಗಿಯನ್ನು ಕೊಡವಿ, ಎದೆಯ ಭಾಗ ಮೇಲೆ ಬರುವಂತೆ ಮಡಿಸಿ ಇಡುತ್ತಿದ್ದಳು. ಒಟ್ಟು ಇಪ್ಪತ್ತೆರಡು ಅಂಗಿ. ಬೇರೆ ದಿನವಾಗಿದ್ದರೆ ಅವಳ ಬಾಯಿ ಕೈಗಿಂತ ಜೋರಾಗಿ ಓಡುತ್ತಿತ್ತು. ಇವತ್ತು ಬಾಯಿಗೆ ಬೀಗ.

ಅಮ್ಮ ಒಂದು ಕೈಯಲ್ಲಿ ಮೌಸ್ ಹಿಡಿದು, ಇನ್ನೊಂದು ಕೈಯಲ್ಲಿ ತನ್ನ ನೋಟ್‌ಬುಕ್ ಹಿಡಿದು ಕಂಪ್ಯೂಟರಿನ ಮುಂದೆ ಕೂತಿದ್ದಳು.

ಮನೆಯ ಮುಂದಿನ ಕೋಣೆಯೇ ಅಮ್ಮನ ಟೈಲರಿಂಗ್ ಅಂಗಡಿ. ಹೋದ ವರ್ಷ ಅಲ್ಲಿಗೆ ಎಂಬ್ರಾಯ್ಡರಿ ಮಶೀನು ಬಂದಿತ್ತು, ಜೊತೆಗೊಂದು ಹಳೆಯ ಕಂಪ್ಯೂಟರ್. ಕಂಪ್ಯೂಟರಿನಲ್ಲಿ ಚಿತ್ರ ಆರಿಸಿದರೆ ಸಾಕು, ಮಶೀನು ಅದನ್ನೇ ಬಟ್ಟೆಯ ಮೇಲೆ ಹೊಲಿದುಬಿಡುತ್ತದೆ.

ಅಮ್ಮ ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಪರದೆಯ ಮೇಲಿನ ಇಂಗ್ಲಿಷ್ ಅವಳಿಗೆ ಓದಲು ಬಾರದು. ಅದಕ್ಕೇ ಈ ನೋಟ್‌ಬುಕ್. ಪುಟಕ್ಕೊಂದರಂತೆ ಪರದೆಯ ಚಿತ್ರ ಬರೆದು, ಎಲ್ಲಿ ಒತ್ತಬೇಕೋ ಅಲ್ಲಿ ಪರದೆಯ ಗುರುತಿನ ಬಣ್ಣದ್ದೇ ದಾರದ ತುಂಡು ಅಂಟಿಸಿದ್ದಳು. ಮೊದಲು ಮೂಲೆಯಲ್ಲಿ ಹಸಿರು. ಆಮೇಲೆ ಹಳದಿ. ಕೊನೆಗೆ ಕೆಂಪು.

ಈಗ ಅಮ್ಮ ಹಸಿರು ದಾರದ ಪುಟವನ್ನೇ ಪರದೆಗೆ ಹಿಡಿದಳು. ಮೇಲೆ ಹಿಡಿದಳು, ಕೆಳಗೆ ಹಿಡಿದಳು.

"ಎಲ್ಲಾ ಬೂದಿ ಬಳಿದ ಹಾಗಿದೆ. ನನ್ನ ಹಸಿರು ಎಲ್ಲಿ ಹೋಯ್ತು?"

ಎಲ್ಲಿ ಹೋಯಿತೆಂದು ಚೂಟಿಗೆ ಗೊತ್ತಿತ್ತು.

ಭಾನುವಾರ ಪಕ್ಕದ ಮನೆಯ ಗೆಳತಿ ಬಂದು ನಕ್ಕಿದ್ದಳು. "ನಿಮ್ಮನೆ ಕಂಪ್ಯೂಟರ್ ಎದ್ದೇಳೋದ್ರೊಳಗೆ ನಾನು ಸ್ನಾನ ಮಾಡ್ಕೊಂಡು ಬರ್ತೀನಿ ಕಣೇ!" ಅವಳು ಹೋದ ಮೇಲೆ ಪರದೆ ತಾನಾಗಿಯೇ ಕೇಳಿತು: ಹೊಸ ಸಾಫ್ಟ್‌ವೇರ್ ಬಂದಿದೆ, ಹಾಕಲಾ? ಅಮ್ಮ ದಾರ ತರಲು ಹೋಗಿದ್ದಳು. ಚೂಟಿ ಹೂಂ ಎಂದು ಒತ್ತಿದಳು. ಅಮ್ಮನಿಗೆ ಸರ್‌ಪ್ರೈಸ್ ಕೊಡೋಣವೆಂದುಕೊಂಡಿದ್ದಳು. ಎರಡು ಗಂಟೆಯ ನಂತರ ಫಳಫಳ ಹೊಳೆಯುವ ಬೂದು ಬಣ್ಣದ ಪರದೆ ಬಂತು. ಆದರೆ ಮಶೀನೇ ಕಾಣುತ್ತಿಲ್ಲ ಎಂದಿತು. ಅವಳು ಆಫ್ ಮಾಡಿ ಸುಮ್ಮನಾಗಿಬಿಟ್ಟಳು.

"ನಾನೇ ಏನೋ ಒತ್ತಿ ಹಾಳು ಮಾಡಿರ್ಬೇಕು" ಎಂದಳು ಅಮ್ಮ. "ನನ್ನಂಥವಳಿಗೆ ಕಂಪ್ಯೂಟರ್ ಯಾಕೆ ಬೇಕಿತ್ತು ಹೇಳು? ನಾಳೆ ಬೆಳಿಗ್ಗೆ ಆಟದ ಕೋಚು ಅಂಗಿಗೆ ಬರ್ತಾರೆ. ಆಗಲ್ಲ ಅಂತ ವಾಪಸ್ ಕೊಟ್ಬಿಡ್ತೀನಿ. ಈ ಮಶೀನನ್ನೂ ಯಾರಿಗಾದ್ರೂ ಮಾರಿಬಿಟ್ರೆ ಆಯ್ತು."

ಚೂಟಿಯ ಕೈಯಲ್ಲಿದ್ದ ಅಂಗಿ ಮುದ್ದೆಯಾಯಿತು.

ಅಷ್ಟರಲ್ಲಿ ಅಮ್ಮ ಫೋನ್ ಮಾಡಿ ಕರೆದಿದ್ದ ರಿಪೇರಿ ಅಕ್ಕ ಬಂದಳು. ಬೀದಿಯ ಕಂಪ್ಯೂಟರುಗಳಿಗೆಲ್ಲ ಅವಳೇ ಡಾಕ್ಟರ್. ಕೂತವಳೇ ಪರದೆ ನೋಡಿ ಹುಬ್ಬೇರಿಸಿದಳು.

"ಓಹೋ! ಮುದುಕಪ್ಪಂಗೆ ಜರಿ ಪಂಚೆ ಉಡಿಸಿದ್ದೀರಲ್ಲ! ಈ ಹೊಸದಕ್ಕೂ ನಿಮ್ಮ ಮಶೀನಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಹಳೇದಕ್ಕೇ ವಾಪಸ್ ಹೋಗ್ಬೇಕು."

"ಹೋಗೋಕಾಗುತ್ತಾ?" ಅಮ್ಮ ಕೇಳಿದಳು.

"ಹಳೇದು ಒಳಗೇ ಎಲ್ಲೋ ಮಡಿಸಿಟ್ಟಿರುತ್ತೆ, ಆಗುತ್ತೆ. ಆದ್ರೆ ಹಳೇದು ಜಾಗ ತಿಂತಿದೆ, ಅಳಿಸಲಾ ಅಂತ ಅದು ಕೇಳಿರುತ್ತೆ. ಹೂಂ ಅಂದಿದ್ರೆ ಕತೆ ಮುಗೀತು. ಏನಂದ್ರಿ?"

ಅಮ್ಮ ನೋಟ್‌ಬುಕ್ಕಿನ ಪುಟಗಳನ್ನು ಗಡಿಬಿಡಿಯಲ್ಲಿ ತಿರುವಿದಳು. ಅಂಥದ್ದೊಂದು ಪುಟವೇ ಅದರಲ್ಲಿರಲಿಲ್ಲ.

"ನೆನಪಿಲ್ಲಮ್ಮ... ನಾನು ಅಂದ್ರೂ ಅಂದಿರಬಹುದು. ದಡ್ಡಿ ನಾನು."

"ನೀನಲ್ಲಮ್ಮ!" ಚೂಟಿ ಕೂಗಿಯೇಬಿಟ್ಟಳು. "ಹೊಸದು ಹಾಕಿದ್ದು ನಾನು. ಭಾನುವಾರ. ಅಳಿಸಲಾ ಅಂತ ಕೇಳ್ತು. ಬೇಡ ಅಂದೆ."

"ಯಾಕೆ ಬೇಡ ಅಂದೆ?" ರಿಪೇರಿ ಅಕ್ಕ ಕೇಳಿದಳು.

"ಅಷ್ಟೊತ್ತಿಗೆ ಭಯ ಆಗಿತ್ತು."

ರಿಪೇರಿ ಅಕ್ಕ ಹೊಟ್ಟೆ ಹಿಡಿದು ನಕ್ಕಳು. "ಭಯ ಆಗಿದ್ದೇ ಒಳ್ಳೇದಾಯ್ತು ಬಿಡು!"

ಚೂಟಿ ಬೈಗುಳಕ್ಕೆ ಕಾದು ಕಣ್ಣು ಮುಚ್ಚಿದಳು. ಬೈಗುಳ ಬರಲಿಲ್ಲ. ತೆರೆದು ನೋಡಿದರೆ ಅಮ್ಮ ಕುರ್ಚಿಗೆ ಒರಗಿ ಉದ್ದಕ್ಕೆ ಉಸಿರು ಬಿಡುತ್ತಿದ್ದಳು.

"ಹಾಗಾದ್ರೆ ನಾನಲ್ಲ, ಅಲ್ವಾ?"

"ಅಲ್ಲಮ್ಮ."

"ನಾನಲ್ಲ" ಎಂದು ಅಮ್ಮ ತನಗೇ ಇನ್ನೊಮ್ಮೆ ಹೇಳಿಕೊಂಡಳು. ಆಮೇಲೆ ನೆನಪಾದವಳಂತೆ ಕೈ ಚಾಚಿ ಚೂಟಿಯ ಕಿವಿ ಹಿಂಡಿದಳು.

"ಆಯ್ ಅಮ್ಮಾ!"

"ಎರಡು ದಿನ ಬಾಯಿ ಮುಚ್ಕೊಂಡಿದ್ದಕ್ಕೆ!"

ಹಿಂದಕ್ಕೆ ಹೋಗಲು ಕಂಪ್ಯೂಟರಿಗೆ ಒಂದು ಗಂಟೆ ಬೇಕಾಯಿತು. ಅಷ್ಟರಲ್ಲಿ ಮೂವರೂ ಎರಡೆರಡು ಲೋಟ ಟೀ ಕುಡಿದರು. ರಿಪೇರಿ ಅಕ್ಕ ಇಂಟರ್ನೆಟ್ ವೈರನ್ನು ಕಿತ್ತು ಸುತ್ತಿಟ್ಟಳು. "ಅಂಗಿ ಹೊಲಿಯೋಕೆ ಇಂಟರ್ನೆಟ್ ಯಾಕೆ? ಇನ್ನು ಇದನ್ನ ಯಾರೂ ಮರುಳು ಮಾಡಲ್ಲ."

"ನನ್ನ ಗೇಮ್ಸು?" ಎಂದಳು ಚೂಟಿ.

ಇಬ್ಬರೂ ಒಟ್ಟಿಗೆ ತಿರುಗಿ ನೋಡಿದರು. ಚೂಟಿ ಲೋಟ ತೊಳೆಯಲು ಓಡಿದಳು.

ಮರಳಿ ಬಂದಾಗ ರಿಪೇರಿ ಅಕ್ಕ ಹೊರಟುಹೋಗಿದ್ದಳು. ಪರದೆಯ ಮೂಲೆಯಲ್ಲಿ ಹಸಿರು ಮೂಡಿತ್ತು. ಅಮ್ಮ ನೋಟ್‌ಬುಕ್ ತೆರೆಯಲೇ ಇಲ್ಲ. ಹಸಿರು, ಹಳದಿ, ಕೆಂಪು ಎಂದು ಗುನುಗುತ್ತ ಟಕಟಕ ಒತ್ತಿದಳು. ಫ್ರೇಮಿಗೆ ಅಂಗಿಯನ್ನು ಬಿಗಿದಳು. ಮಶೀನಿನ ಕೊಕ್ಕೆಗಳಲ್ಲಿ ದಾರ ಹಾಯಿಸಿದಳು. ಮೇಲೆ, ಕೆಳಗೆ, ಸುತ್ತಿ, ಮತ್ತೆ ಮೇಲೆ. ಏಳು ಕಡೆ ಹಾಯ್ದ ದಾರ ಕೊನೆಗೆ ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ಹೊಕ್ಕಿತು. ಚೂಟಿ ಇದನ್ನು ಇಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ.

ಮಶೀನು ದಡದಡ ಶುರುವಾಯಿತು. ಮೊದಲ ಅಂಗಿಯ ಎದೆಯ ಮೇಲೆ ತಂಡದ ಗುರುತಾದ ನೀಲಿ ಮೀನಿನ ಬಾಲ ಮೂಡತೊಡಗಿತು. ಅಮ್ಮ ಬಗ್ಗಿ ಸೂಜಿಯನ್ನೇ ನೋಡುತ್ತಿದ್ದಳು.

ಚೂಟಿ ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತಳು.

"ಅಮ್ಮಾ, ದಾರ ಹಾಯಿಸೋದು ನನಗೂ ಹೇಳಿಕೊಡು."

ಮಶೀನು ಓಡುತ್ತಲೇ ಇತ್ತು.