ಅಳತೆ ಮಾಡದ ಕರೆಂಟ್

"ಇದಕ್ಕೆ ಮರೆವು ಜಾಸ್ತಿ," ಎಂದು ಆಶಾರಾಣಿ ತನ್ನ ವಾಕಿಟಾಕಿಯನ್ನು ಮುತ್ತುರಾಜ್‌ನ ರಿಪೇರಿ ಮೇಜಿನ ಮೇಲಿಟ್ಟಳು.

ಅವನು ತಲೆ ಎತ್ತಿದ. ಅವನು ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಟೆಕ್ನಿಷಿಯನ್, ಅವಳು ಕುಣಿಗಲ್‌ನಲ್ಲಿ ಹೈಸ್ಕೂಲ್ ಟೀಚರ್. ಭಾನುವಾರ ಬೆಟ್ಟ ಹತ್ತುವ ಬಳಗವೊಂದಕ್ಕೆ ಅವಳು ಲೀಡರ್. ಅವಳ ದನಿ ಕೇಳುವ ಆಸೆಗೇ ಅವನು ಆ ಬಳಗ ಸೇರಿದ್ದ.

"ಆಫ್ ಮಾಡಿ ಆನ್ ಮಾಡಿದ್ರೆ, ಎಲ್ಲಿದೀವಿ ಅಂತ ತೋರ್ಸೋಕೆ ಐದು ನಿಮಿಷ ತಗೊಳ್ಳುತ್ತೆ."

"ಆಫ್ ಆದಾಗ ಜಿಪಿಎಸ್‌ಗೂ ಕರೆಂಟ್ ನಿಂತೋಗುತ್ತೆ ಮೇಡಂ. ಟೈಮು, ಸ್ಯಾಟಲೈಟು ಎಲ್ಲಾ ಮರೆತುಬಿಡುತ್ತೆ. ಬ್ಯಾಟರಿಯಿಂದ ಸಣ್ಣ ವೈರ್ ಎಳೆದು, ನೆನಪಿಗೆ ಬೇಕಾದಷ್ಟು ಚೂರು ಕರೆಂಟ್ ಕೊಟ್ರೆ ಸಾಕು."

ಅವನು ವಾಕಿಟಾಕಿ ರೇಡಿಯೊ ಬಿಚ್ಚಿದ. ಅವಳು ಪಕ್ಕದಲ್ಲೇ ಬಗ್ಗಿ ನೋಡಿದಳು. ಜಾರಿದ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡಾಗ ಬಳೆಯೊಂದು ಮೆಲ್ಲಗೆ ಸದ್ದು ಮಾಡಿತು. ಅವನು ಕೂದಲೆಳೆಯಷ್ಟು ತೆಳುವಾದ ವೈರನ್ನು ಬೆಸುಗೆ ಹಾಕಿದ.

ಆನ್ ಮಾಡಿದರೆ ಕೆಲವೇ ಸೆಕೆಂಡಿನಲ್ಲಿ ಜಾಗ ತೋರಿಸಿತು.

"ನಿಮ್ ಕೈಲಿ ಏನೋ ಇದೆ ಮುತ್ತುರಾಜ್," ಎಂದು ಅವಳು ನಕ್ಕಳು.

ಆಫ್ ಇದ್ದಾಗ ಎಷ್ಟು ಕರೆಂಟ್ ಹರಿಯುತ್ತಿದೆಯೆಂದು ಮೀಟರ್ ಇಟ್ಟು ನೋಡಬೇಕಿತ್ತು. ಆ ನಗು ನೋಡಿದ ಮೇಲೆ ಅವನು ಮೀಟರ್ ಮುಟ್ಟಲಿಲ್ಲ. ಮುಚ್ಚಳ ಹಾಕಿ ಕೊಟ್ಟುಬಿಟ್ಟ.

ಮುಂದಿನ ಭಾನುವಾರ ಹುಲಿಯೂರುದುರ್ಗದ ಬೆಟ್ಟದಲ್ಲಿ, ಅರವತ್ತು ದಾಟಿದ ನರಸಯ್ಯನವರು ಬಂಡೆ ಮೇಲೆ ಜಾರಿ ಕಾಲು ಮುರಿದುಕೊಂಡರು. ಅಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಆಶಾರಾಣಿ ರೇಡಿಯೊ ಆನ್ ಮಾಡಿದಳು. ಬ್ಯಾಟರಿ ಪೂರ್ತಿ ಖಾಲಿಯಾಗಿತ್ತು. ಬೆಟ್ಟದ ಬುಡದಲ್ಲಿ ಇನ್ನೊಂದು ರೇಡಿಯೊ ಹಿಡಿದು ನಿಂತಿದ್ದ ಮುತ್ತುರಾಜ್‌ಗೆ ಏನೂ ಕೇಳಿಸಲಿಲ್ಲ. ಒಬ್ಬರು ಇಳಿದು ಬಂದು ಜನ ಸೇರಿಸುವಷ್ಟರಲ್ಲಿ, ನರಸಯ್ಯನವರು ಸುಡುವ ಬಂಡೆ ಮೇಲೆ ಎರಡು ಗಂಟೆ ನರಳಿದ್ದರು.

ಅವಳು ರೇಡಿಯೊವನ್ನು ಅವನ ಕೈಗೆ ಕೊಟ್ಟು ಆಸ್ಪತ್ರೆಗೆ ಹೋದಳು. ಅವನು ಅಲ್ಲೇ ಬಿಚ್ಚಿ ನೋಡಿದ. ವೈರ್ ನೆನಪಿನ ಪಿನ್ನಿನ ಬದಲು ಪಕ್ಕದ ಪಿನ್ನಿಗೆ ಸೇರಿತ್ತು. ರೇಡಿಯೊ ಆಫ್ ಇದ್ದರೂ ಇಡೀ ಜಿಪಿಎಸ್ ಎಚ್ಚರವಾಗಿದ್ದು, ದಿನಗಟ್ಟಲೆ ಬ್ಯಾಟರಿ ತಿಂದಿತ್ತು.

ಬುಧವಾರ ಬಳಗದ ಮೀಟಿಂಗಿನಲ್ಲಿ ಅಧ್ಯಕ್ಷ ವೀರಭದ್ರಯ್ಯ ಕೇಳಿದರು, "ಏನಮ್ಮ, ಚಾರ್ಜ್ ಹಾಕಿರ್ಲಿಲ್ವಾ?"

"ಹಾಕಿದ್ದೆ ಅಂತ ನೆನಪು ಸಾರ್. ಮರೆತಿದ್ನೋ ಏನೋ. ತಪ್ಪು ನಂದೇ. ನಾನು ಲೀಡರ್ ಆಗಿರಲ್ಲ."

ಹಿಂದಿನ ಸಾಲಿನಲ್ಲಿದ್ದ ಮುತ್ತುರಾಜ್‌ನ ಕಿವಿ ಸುಟ್ಟಿತು. ಬಾಯಿ ತೆರೆದ. ಅವಳು ಹೊಗಳಿದ ಮಾತು ನೆನಪಾಗಿ ಮತ್ತೆ ಮುಚ್ಚಿದ. ನೆಲ ನೋಡುತ್ತ ಕೂತುಬಿಟ್ಟ.

ಎರಡು ದಿನ ಅನ್ನ ಸೇರಲಿಲ್ಲ. ಶುಕ್ರವಾರ ರಜೆ ಹಾಕಿ ಕುಣಿಗಲ್ ಬಸ್ ಹತ್ತಿದ. ಸ್ಕೂಲ್ ಬಿಟ್ಟು ಗೇಟಿಗೆ ಬಂದ ಅವಳ ಮುಂದೆ ನಿಂತು ಎಲ್ಲವನ್ನೂ ಹೇಳಿದ.

ಅವಳ ಮುಖ ಬಿಳಿಚಿಕೊಂಡಿತು. "ಮೀಟಿಂಗಲ್ಲಿ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು."

"ನಾನು ಎದ್ದು ನಿಂತು ತಪ್ಪು ಒಪ್ಕೋತಿದ್ದಾಗ?"

"ಹೂಂ. ನೀವು ನನ್ನ ಕೈ ಹೊಗಳಿದ್ರಿ. ಅದನ್ನ ಕಳ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ. ನಿಮ್ಮನ್ನ ಇಷ್ಟಪಡ್ತೀನಿ ಮೇಡಂ. ಇಷ್ಟಪಟ್ಟೂ ಹೇಡಿ ಥರ ಕೂತಿದ್ದೆ."

ಅವಳು ಬ್ಯಾಗನ್ನು ಹೆಗಲಿಗೇರಿಸಿಕೊಂಡಳು. ಆಮೇಲೆ, "ಇದನ್ನ ನನಗೊಬ್ಳಿಗೇ ಹೇಳಿದ್ರೆ ಸಾಲ್ದು," ಎಂದು ಹೊರಟುಹೋದಳು.

ಭಾನುವಾರ ಮುತ್ತುರಾಜ್ ಮೊದಲು ನರಸಯ್ಯನವರ ಮನೆಗೆ ಹೋಗಿ, ಪ್ಲಾಸ್ಟರ್ ಹಾಕಿದ ಕಾಲಿನ ಪಕ್ಕ ಕೂತು ಕ್ಷಮೆ ಕೇಳಿದ. "ಈಗ್ಲಾದ್ರೂ ಬಂದ್ಯಲ್ಲ, ಬುಡು," ಎಂದರು ಅವರು. ಮಧ್ಯಾಹ್ನ ಬಳಗದ ಎಲ್ಲರೆದುರು ನಿಂತು, ತಪ್ಪು ಬೆಸುಗೆಯಿಂದ ಹಿಡಿದು ತನ್ನ ಮೌನದವರೆಗೂ ಒಂದೂ ಬಿಡದೆ ಹೇಳಿದ. ಯಾರೂ ಸಮಾಧಾನದ ಮಾತಾಡಲಿಲ್ಲ. ಆಶಾರಾಣಿಯೇ ಲೀಡರ್ ಎಂದು ವೀರಭದ್ರಯ್ಯ ಬಳಗದ ಪುಸ್ತಕದಲ್ಲಿ ಮತ್ತೆ ಬರೆಸಿದರು. ಅವನು ಚಪ್ಪಲಿ ಮೆಟ್ಟಿ ಹೊರಬಂದ.

ಬೀದಿ ತಿರುವಿನಲ್ಲಿ ಹಿಂದಿನಿಂದ ಅವಳ ಹೆಜ್ಜೆ ಸದ್ದು ಬಂತು.

"ಹತ್ತೋಕೆ ಮುಂಚೆ ನಾನೂ ಆನ್ ಮಾಡಿ ನೋಡ್ಬೇಕಿತ್ತು," ಎಂದಳು. "ಆದ್ರೆ ನಿಮ್ಮೇಲೆ ಕೋಪ ಇನ್ನೂ ಇದೆ."

"ಇರ್ಲಿ ಮೇಡಂ."

"ಮೇಡಂ ಬೇಡ. ಆಶಾ ಅನ್ನಿ." ಅವಳು ಅವನ ಕಡೆ ನೋಡಲಿಲ್ಲ. ಆದರೆ ಕೆನ್ನೆ ಕೆಂಪಾಗಿತ್ತು. "ಕೋಪ ಇರೋಳ ಜೊತೆ ಬಸ್‌ಸ್ಟ್ಯಾಂಡ್ ತನಕ ನಡೀತೀರಾ?"